ಕ್ಯಾಂಡಲ್‌ಮಾಸ್ 'ಲೈವ್' 1990: ಆ ಒಂದು ದನಿಗೋಸ್ಕರ ಕೇಳಲೇಬೇಕಾದ ಡೂಮ್ ಆಲ್ಬಮ್

[ಕಪ್ಪು ಸ್ಕ್ರೀನ್. ಜನರ ಗದ್ದಲ ಮಾತ್ರ ಕೇಳಿಸ್ಬೇಕು, ಐದು ಸೆಕೆಂಡ್.]

ನಮಸ್ಕಾರ ಎಲ್ರಿಗೂ. ಇವತ್ತಿನ ವಿಡಿಯೋ ಸ್ವೀಡನ್‌ನ ಡೂಮ್ ಮೆಟಲ್ ಬ್ಯಾಂಡ್ ಕ್ಯಾಂಡಲ್‌ಮಾಸ್ ಬಗ್ಗೆ, ಅದ್ರಲ್ಲೂ 1990ರಲ್ಲಿ ಬಂದ ಅವರ ಲೈವ್ ಆಲ್ಬಮ್ ಬಗ್ಗೆ. ಹೆಸರು ಬರೀ 'ಲೈವ್' ಅಷ್ಟೇ. ರೆಕಾರ್ಡ್ ಮಾಡಿದ್ದು ಅವರದೇ ಊರು ಸ್ಟಾಕ್‌ಹೋಮ್‌ನಲ್ಲಿ, ಫ್ರೀಸ್‌ಹೂಸೆಟ್ ಅನ್ನೋ ಯೂತ್ ಸೆಂಟರಲ್ಲಿ. ಅದು ಮೊದಲು ಕೋಲ್ಡ್ ಸ್ಟೋರೇಜ್ ಆಗಿತ್ತಂತೆ, ಹೆಸರಿನ ಅರ್ಥಾನೂ ಅದೇ. ಡೂಮ್ ಬ್ಯಾಂಡಿಗೆ ಇದಕ್ಕಿಂತ ಒಳ್ಳೇ ಜಾಗ ಹುಡುಕಿದ್ರೂ ಸಿಗಲ್ಲ ಅನ್ಸುತ್ತೆ ನಂಗೆ.

ಡೂಮ್ ಗೊತ್ತಿಲ್ದೇ ಇರೋರಿಗೆ ಎರಡೇ ಮಾತು. 80ರ ದಶಕದಲ್ಲಿ ಮೆಟಲ್ ಬ್ಯಾಂಡ್‌ಗಳೆಲ್ಲ ಯಾರು ಜಾಸ್ತಿ ಸ್ಪೀಡು ಅಂತ ಪೈಪೋಟಿಗೆ ಬಿದ್ದಿದ್ವು, ಈ ಡೂಮ್‌ನೋರು ತದ್ವಿರುದ್ಧ, ನಿಧಾನ, ಭಾರ. ಬೇರು ಇರೋದು ಇಂಗ್ಲೆಂಡಿನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನಲ್ಲಿ. ಅವರ ಗಿಟಾರಿಸ್ಟ್ ಟೋನಿ ಅಯೋಮಿಗೆ ಫ್ಯಾಕ್ಟರಿ ಕೆಲಸದಲ್ಲಿ ಎರಡು ಬೆರಳ ತುದಿ ಕತ್ತರಿಸಿ ಹೋಗಿತ್ತು, ಬಿಗಿ ತಂತಿ ಒತ್ತೋದು ಕಷ್ಟ, ಅದಕ್ಕೆ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿ ನುಡಿಸಿದ್ರು, ಅದರಿಂದ ಬಂದ ಆ ದಪ್ಪ ಸೌಂಡ್ ಇಡೀ ಒಂದು ಪ್ರಕಾರಕ್ಕೇ ತಳಪಾಯ ಆಯ್ತು.

ಸರಿ, ಈಗ ಅಸಲಿ ವಿಷ್ಯ.

[ಮೊದಲ ಆಲ್ಬಮ್‌ನ ಕವರ್ ತೋರಿಸಿ.]

1986ರಲ್ಲಿ ಕ್ಯಾಂಡಲ್‌ಮಾಸ್‌ನ ಮೊದಲ ಆಲ್ಬಮ್ 'ಎಪಿಕಸ್ ಡೂಮಿಕಸ್ ಮೆಟಾಲಿಕಸ್' ಬಂತು. ಹಾಡು ಬರಿಯೋದು ಬೇಸ್ ನುಡಿಸೋ ಲೇಫ್ ಎಡ್ಲಿಂಗ್, ಬ್ಯಾಂಡಿನ ಮಿದುಳು ಅಂದ್ರೆ ಅವ್ರೇ. ಆದ್ರೆ ಅದ್ರಲ್ಲಿ ಹಾಡಿದ ಯೋಹಾನ್ ಲೆಂಗ್‌ಕ್ವಿಸ್ಟ್ ಬ್ಯಾಂಡ್ ಮೆಂಬರ್ ಅಲ್ಲ, ರೆಕಾರ್ಡಿಂಗ್‌ಗೆ ಅಂತ ಬಂದು ಹಾಡಿ ಹೋದೋರು. ಆಮೇಲೆ 1987ರಲ್ಲಿ ಬಂದೋರು ಮೆಸ್ಸಯ್ಯಾ ಮಾರ್ಕೊಲಿನ್. ಸನ್ಯಾಸಿ ಥರ ಉದ್ದ ನಿಲುವಂಗಿ, ತಲೆ ತುಂಬ ಗುಂಗುರು ಕೂದಲು, ದನಿ ಅಂತೂ ಒಪೆರಾದವ್ರ ಥರ, ಒಂದು ಸ್ವರ ಹಿಡಿದ್ರೆ ಅದನ್ನ ಅಲುಗಿಸ್ತಾ ಅಲುಗಿಸ್ತಾ ಉಸಿರು ಮುಗಿಯೋವರೆಗೂ ಬಿಡಲ್ಲ. ಅವರ ಜೊತೆ 'ನೈಟ್‌ಫಾಲ್', 'ಏನ್ಷಿಯಂಟ್ ಡ್ರೀಮ್ಸ್', 'ಟೇಲ್ಸ್ ಆಫ್ ಕ್ರಿಯೇಷನ್' ಅಂತ ವರ್ಷಕ್ಕೊಂದರ ಹಾಗೆ ಮೂರು ಆಲ್ಬಮ್ ಬಂದ್ವು.

ಗಮನಿಸಿ, ಬ್ಯಾಂಡಿನ ಅತಿ ದೊಡ್ಡ ಹಾಡು 'ಸಾಲಿಟ್ಯೂಡ್' ಇರೋದು ಮೊದಲ ಆಲ್ಬಮ್‌ನಲ್ಲಿ, ಅಂದ್ರೆ ಮೆಸ್ಸಯ್ಯಾ ಬರೋಕೆ ಮುಂಚೆ. ಈ ಮೂರು ಸ್ಟುಡಿಯೋ ಆಲ್ಬಮ್ ತಿರುವಿ ಹಾಕಿದ್ರೂ ಅವರ ದನಿಯಲ್ಲಿ ಆ ಹಾಡು ಸಿಗಲ್ಲ. ಸಿಗೋದು ಇಲ್ಲಿ, ಈ ಲೈವ್‌ನಲ್ಲಿ. ನಾನು ಈ ವಿಡಿಯೋ ಮಾಡ್ತಿರೋದೇ ಅದಕ್ಕೆ.

[ಗಿಟಾರ್ ಕ್ಲೋಸಪ್.]

ಆ ಹಾಡು ಶುರುವಾಗೋದೇ ಮೆತ್ತಗೆ, ಗಿಟಾರ್ ತಂತಿ ಒಂದೊಂದಾಗಿ, ಜೊತೆಗೆ ದನಿ ಒಂದೇ. ಕತ್ತಲಲ್ಲಿ ಒಬ್ಬನೇ ಕೂತು ಸಾವಿಗೆ ಕಾಯ್ತಿರೋ ಮನುಷ್ಯನ ಮಾತು ಅದು. ಆಮೇಲೆ ಇದ್ದಕ್ಕಿದ್ದಂಗೆ ಆ ದೊಡ್ಡ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಬಂದು ಬೀಳುತ್ತೆ. ಲೆಂಗ್‌ಕ್ವಿಸ್ಟ್ ಇದನ್ನ ನೇರವಾಗಿ, ಗಟ್ಟಿಯಾಗಿ ಹಾಡಿದ್ರು, ಕೇಳ್ತಿದ್ರೆ ಆ ಮನುಷ್ಯ ಎಲ್ಲಾನೂ ಒಪ್ಕೊಂಡು ಕೂತಿದಾನೆ ಅನ್ಸುತ್ತೆ. ಮೆಸ್ಸಯ್ಯಾ ಹಾಡಿದ್ರೆ ಅದೇ ಸಾಲು ಗೋಳಾಟ ಆಗುತ್ತೆ, ದನಿ ನಡುಗುತ್ತೆ, ಇನ್ನೂ ಬದುಕೋ ಆಸೆ ಇದೆ ಅನ್ಸುತ್ತೆ. ಹಾಡು ಅದೇ, ಮನುಷ್ಯ ಮಾತ್ರ ಬೇರೆ. ಯಾವುದು ಮೇಲು ಅಂತ ಕೇಳಿದ್ರೆ ನನ್ನ ಓಟು ಸ್ಟುಡಿಯೋದ್ದಕ್ಕೇ, ಆದ್ರೆ ಮೈ ಜುಮ್ ಅನ್ನೋದು ಮಾತ್ರ ಇದನ್ನ ಕೇಳಿದಾಗ.

ಇನ್ನೊಂದು ವಿಷ್ಯ ಹೇಳ್ತೀನಿ, ಜನ ಇದನ್ನ ಅಷ್ಟಾಗಿ ಮಾತಾಡಲ್ಲ. ನಿಧಾನದ ಹಾಡನ್ನ ಸ್ಟೇಜ್ ಮೇಲೆ ನುಡಿಸೋದು ಸ್ಪೀಡ್ ಹಾಡಿಗಿಂತ ಸುಲಭ ಅಂತ ಅಂದ್ಕೋತೀವಿ, ಉಲ್ಟಾ. ನಿಮಿಷಕ್ಕೆ 60 ಬೀಟ್ ಅಂದ್ರೆ ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಪೂರ್ತಿ ಒಂದು ಸೆಕೆಂಡ್ ಗ್ಯಾಪ್, ಐದು ಜನಾನೂ ಆ ಒಂದು ಸೆಕೆಂಡನ್ನ ಒಂದೇ ಥರ ಎಣಿಸ್ಬೇಕು, ಒಬ್ಬ ಕೂದಲೆಳೆಯಷ್ಟು ಮುಂದೆ ಹೋದ್ರೂ ಎಲ್ರಿಗೂ ಗೊತ್ತಾಗುತ್ತೆ, ಮುಚ್ಚಿಡೋಕೆ ಅಲ್ಲಿ ಬೇರೆ ಸೌಂಡೇ ಇರಲ್ಲ. ಎದುರಿಗೆ ಜನ ಕೂಗ್ತಿದ್ರೆ ಕೈ ತಾನಾಗೇ ಜೋರಾಗುತ್ತೆ ಬೇರೆ. ಹೆಡ್‌ಫೋನ್ ಹಾಕ್ಕೊಂಡು ಯಾನ್ ಲಿಂದ್ ಅವರ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ, ಮ್ಯಾಪೆ ಬ್ಯೋರ್ಕ್‌ಮನ್ ಅವರ ರಿದಮ್ ಗಿಟಾರ್ ಎಲ್ಲಿ ಕೂರುತ್ತೆ ನೋಡಿ, ಮೂರು ಆಲ್ಬಮ್ ಒಟ್ಟಿಗೆ ಮಾಡಿದೋರ ಹೊಂದಾಣಿಕೆ ಅದು.

ಹಾಡುಗಳ ಆಯ್ಕೆ ಜಾಸ್ತಿ 'ನೈಟ್‌ಫಾಲ್' ಕಡೆ ವಾಲಿದೆ, 'ದಿ ವೆಲ್ ಆಫ್ ಸೋಲ್ಸ್', 'ಬಿವಿಚ್ಡ್' ಎಲ್ಲಾ ಇದೆ. ಮೊದಲ ಆಲ್ಬಮ್‌ದು ಇನ್ನೂ ಒಂದೆರಡು ಇರ್ಬೇಕಿತ್ತು ಅನ್ನೋದೊಂದೇ ನನ್ನ ಕೊರಗು.

[ಕಪ್ಪು ಬಿಳುಪು ಫೋಟೋ.]

ಇದಾದ್ಮೇಲೆ ಮೆಸ್ಸಯ್ಯಾ ಬ್ಯಾಂಡ್ ಬಿಟ್ರು. 1992ರ 'ಚಾಪ್ಟರ್ ಸಿಕ್ಸ್'ನಲ್ಲಿ ಹಾಡಿದ್ದು ಥಾಮಸ್ ವಿಕ್‌ಸ್ಟ್ರೋಮ್. 2000ದ ದಶಕದಲ್ಲಿ ಮೆಸ್ಸಯ್ಯಾ ವಾಪಸ್ ಬಂದ್ರು, 2005ರಲ್ಲಿ ಒಂದು ಆಲ್ಬಮ್ ಮಾಡಿ ಮತ್ತೆ ಹೋದ್ರು. ಕೊನೆಗೆ 2018ರಲ್ಲಿ ಬ್ಯಾಂಡ್ ಸೇರಿದ್ದು ಯಾರು ಗೊತ್ತಾ, ಲೆಂಗ್‌ಕ್ವಿಸ್ಟ್! 32 ವರ್ಷದ ಹಿಂದೆ ಬರೀ ಹಾಡಿ ಹೋಗಿದ್ದ ಅದೇ ಮನುಷ್ಯ, ಈ ಸಲ ಪೂರ್ತಿ ಮೆಂಬರ್ ಆಗಿ. 2019ರ ಅವರ ಆಲ್ಬಮ್‌ನ ಒಂದು ಹಾಡಲ್ಲಿ ಸ್ವತಃ ಟೋನಿ ಅಯೋಮಿ ಗಿಟಾರ್ ನುಡಿಸಿದಾರೆ, ಅದಕ್ಕೆ ಗ್ರ್ಯಾಮಿ ನಾಮಿನೇಷನ್ನೂ ಸಿಕ್ತು.

ಈಗ ನೀವು ಮಾಡ್ಬೇಕಾಗಿರೋದು ಇಷ್ಟೇ, ರಾತ್ರಿ ಲೈಟ್ ಆಫ್ ಮಾಡಿ ಮೊದಲು 1986ರ 'ಸಾಲಿಟ್ಯೂಡ್' ಕೇಳಿ, ಅದು ಮುಗಿದ ತಕ್ಷಣ 1990ರದ್ದು ಹಾಕಿ. ಯಾವ ದನಿ ನಿಮ್ಮದು ಅಂತ ಕಾಮೆಂಟ್‌ನಲ್ಲಿ ಬರೀರಿ, ನಾನು ಒಂದೊಂದೂ ಓದ್ತೀನಿ.