ಯುವರಾಜನನ್ನು ಜಿಮ್ಮಿ ಎಂದು ಕರೆದ ಟೀಚರು

ಕೇಳುಗರೆಲ್ಲರಿಗೂ ನಮಸ್ಕಾರ.

1946ರ ಮಾತು. ಜಪಾನ್ ಯುದ್ಧ ಸೋತು ಏಳೆಂಟು ತಿಂಗಳಾಗಿತ್ತಷ್ಟೆ. ಟೋಕಿಯೊ ನಗರದ ದೊಡ್ಡ ಭಾಗ ಬಾಂಬಿಗೆ ಸುಟ್ಟು ಬಯಲಾಗಿತ್ತು. ಆ ದೇಶದ ಶಾಲೆಗಳನ್ನು ಹೇಗೆ ಸುಧಾರಿಸಬೇಕೆಂದು ಸಲಹೆ ಕೊಡಲು ಅಮೆರಿಕದಿಂದ ಶಿಕ್ಷಣ ತಜ್ಞರ ಒಂದು ತಂಡ ಬಂದಿತ್ತು. ಚಕ್ರವರ್ತಿ ಹಿರೋಹಿತೊ ಆ ತಂಡದ ಮುಖ್ಯಸ್ಥ ಜಾರ್ಜ್ ಸ್ಟಾಡರ್ಡ್ ಅವರಲ್ಲಿ ಒಂದು ಕೋರಿಕೆ ಇಟ್ಟರು. ತಮ್ಮ ಹಿರಿಯ ಮಗನಿಗೆ ಪಾಠ ಹೇಳಲು ಅಮೆರಿಕದಿಂದ ಒಬ್ಬ ಶಿಕ್ಷಕಿ ಬೇಕು, ಕ್ರೈಸ್ತರಾದರೆ ಒಳ್ಳೆಯದೇ, ಆದರೆ ಧರ್ಮದ ವಿಷಯದಲ್ಲಿ ಅತಿರೇಕದವರು ಬೇಡ.

ಗೆದ್ದವರ ಸೈನ್ಯ ರಾಜಧಾನಿಯಲ್ಲೇ ಬೀಡುಬಿಟ್ಟಿದ್ದ ಕಾಲ ಅದು. ಅದೇ ಊರಿನಲ್ಲಿ ಯುದ್ಧಾಪರಾಧಗಳ ವಿಚಾರಣೆಯೂ ಶುರುವಾಗುವುದರಲ್ಲಿತ್ತು. ಹಾಗಾಗಿ ಚಕ್ರವರ್ತಿಯ ಈ ಕೋರಿಕೆಯನ್ನು ಬರೀ ತಂದೆಯ ಅಕ್ಕರೆ ಎಂದು ನಂಬಲು ನನಗೆ ಕಷ್ಟ. ಸ್ವಲ್ಪ ಲೆಕ್ಕಾಚಾರವೂ ಇದ್ದೀತು. ಅದೇನೇ ಇರಲಿ, ಕೊನೆಗೆ ಆ ಕೆಲಸಕ್ಕೆ ಬಂದವರು ಲೆಕ್ಕಾಚಾರದ ಮನುಷ್ಯರಲ್ಲ. ಅವರೇ ಎಲಿಜಬೆತ್ ಗ್ರೇ ವೈನಿಂಗ್.

ವೈನಿಂಗ್ ಹುಟ್ಟಿದ್ದು 1902ರಲ್ಲಿ, ಫಿಲಡೆಲ್ಫಿಯದಲ್ಲಿ. ಓದಿದ್ದು ಬ್ರಿನ್ ಮಾರ್ ಕಾಲೇಜಿನಲ್ಲಿ. ಆಮೇಲೆ ಗ್ರಂಥಾಲಯದ ಕೆಲಸ ಕಲಿತು, ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದರು. 1929ರಲ್ಲಿ ಮಾರ್ಗನ್ ವೈನಿಂಗ್ ಅವರೊಂದಿಗೆ ಮದುವೆ. ನಾಲ್ಕೇ ವರ್ಷ. 1933ರಲ್ಲಿ ಇಬ್ಬರೂ ಹೋಗುತ್ತಿದ್ದ ಕಾರು ಅಪಘಾತಕ್ಕೀಡಾಗಿ ಗಂಡ ತೀರಿಕೊಂಡರು, ಹೆಂಡತಿಗೆ ಬಲವಾದ ಪೆಟ್ಟಾಯಿತು. ಚೇತರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಅವರ ಮನಸ್ಸು ಕ್ವೇಕರ್ ಪಂಥದ ಕಡೆ ತಿರುಗಿತು.

ಕ್ವೇಕರ್ ಎಂದರೆ ನಮ್ಮಲ್ಲಿ ಅನೇಕರಿಗೆ ಓಟ್ಸ್ ಡಬ್ಬ ನೆನಪಾಗಬಹುದು. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ವೈನಿಂಗ್ ಸೇರಿದ ಫಿಲಡೆಲ್ಫಿಯ ಕಡೆಯ ಕ್ವೇಕರರ ಸಭೆಯಲ್ಲಿ ಪಾದ್ರಿಯೂ ಇಲ್ಲ, ಪ್ರವಚನವೂ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ, ಬಾರದಿದ್ದರೆ ಮೌನದಲ್ಲೇ ಸಭೆ ಮುಗಿಯುತ್ತದೆ. ದೇವರ ಬೆಳಕು ಪ್ರತಿಯೊಬ್ಬರಲ್ಲೂ ಇದೆ, ಆದ್ದರಿಂದ ಯಾರ ಮೇಲೂ ಆಯುಧ ಎತ್ತಕೂಡದು ಎಂಬುದು ಅವರ ನಂಬಿಕೆ.

ಅಷ್ಟು ಹೊತ್ತಿಗೆ ಎಲಿಜಬೆತ್ ಜಾನೆಟ್ ಗ್ರೇ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಪುಸ್ತಕ ಬರೆಯುತ್ತಿದ್ದರು. 1943ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಅವರ 'ಆಡಮ್ ಆಫ್ ದ ರೋಡ್' ಕಾದಂಬರಿಗೆ ಬಂತು. ಕಥೆ ನಡೆಯುವುದು 1294ರ ಇಂಗ್ಲೆಂಡಿನಲ್ಲಿ. ಊರೂರು ಅಲೆದು ಹಾಡಿ ಬದುಕುವ ಗಾಯಕನ ಮಗ ಆಡಮ್. ಅವನ ನಾಯಿಯನ್ನು ಯಾರೋ ಕದ್ದೊಯ್ಯುತ್ತಾರೆ, ಅದನ್ನು ಹುಡುಕುತ್ತಾ ಹೋಗಿ ಅಪ್ಪನಿಂದಲೂ ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ಹುಡುಗ ಒಬ್ಬನೇ, ದಾರಿ ಅವನದೇ.

ಇಂಥ ಹುಡುಗನನ್ನು ಸೃಷ್ಟಿಸಿದವರ ಪಾಲಿಗೆ ಬಂದ ಶಿಷ್ಯ, ಹೊಸಿಲು ದಾಟಬೇಕಾದರೂ ಹಿಂದೆ ಮುಂದೆ ಪರಿಚಾರಕರು ಇರುತ್ತಿದ್ದ ಯುವರಾಜ ಅಕಿಹಿತೊ. ವಯಸ್ಸು ಹನ್ನೆರಡು. ಅರಮನೆಯ ಪದ್ಧತಿಯಂತೆ ಮೂರು ವರ್ಷ ತುಂಬಿದ ಮೇಲೆ ತಂದೆತಾಯಿಯಿಂದ ದೂರವಿಟ್ಟು ಬೆಳೆಸಿದ ಮಗು.

ಯುದ್ಧಕಾಲದಲ್ಲಿ ವೈನಿಂಗ್ ಕ್ವೇಕರರ ಪರಿಹಾರ ಸಂಸ್ಥೆಯಾದ ಫ್ರೆಂಡ್ಸ್ ಸರ್ವೀಸ್ ಕಮಿಟಿಯಲ್ಲಿ ಬರವಣಿಗೆಯ ಕೆಲಸ ಮಾಡುತ್ತಿದ್ದರು. ಅಲ್ಲಿಂದಲೇ ಅವರ ಹೆಸರು ಹೋಗಿದ್ದು. 1946ರ ಅಕ್ಟೋಬರಿನಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಜಪಾನಿಗೆ ಬಂದಿಳಿದರು. ಜಪಾನಿ ಭಾಷೆ ಬರುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಅನ್ನಿ, ಟೀಚರ ಹತ್ತಿರ ಮಾತಾಡಬೇಕಾದರೆ ಹುಡುಗ ಇಂಗ್ಲಿಷ್ ಆಡಲೇಬೇಕಾಯಿತು.

ಟೋಕಿಯೊದ ಹೊರವಲಯದ ಕೊಗನೆಯಿಯಲ್ಲಿ ಯುವರಾಜ ಓದುತ್ತಿದ್ದ ಗಕುಶುಯಿನ್ ಶಾಲೆ. ಮೊದಲ ತರಗತಿಯಲ್ಲೇ ವೈನಿಂಗ್ ಹುಡುಗರಿಗೆಲ್ಲ ಒಂದೊಂದು ಇಂಗ್ಲಿಷ್ ಹೆಸರು ಹಂಚಿದರು. ಯುವರಾಜನ ಸರದಿ ಬಂತು. "ಈ ತರಗತಿಯಲ್ಲಿ ನಿನ್ನ ಹೆಸರು ಜಿಮ್ಮಿ" ಎಂದರು. ಹುಡುಗ ಕೂಡಲೇ, "ಅಲ್ಲ, ನಾನು ಪ್ರಿನ್ಸ್" ಎಂದ. ವೈನಿಂಗ್ ಒಪ್ಪಿಕೊಂಡರು. ಹೌದು, ನೀನು ಪ್ರಿನ್ಸ್ ಅಕಿಹಿತೊ, ಅದೇ ನಿನ್ನ ನಿಜವಾದ ಹೆಸರು, ಆದರೆ ಇಲ್ಲಿ ಎಲ್ಲರಿಗೂ ಇರುವಂತೆ ನಿನಗೂ ಒಂದು ಇಂಗ್ಲಿಷ್ ಹೆಸರು, ಅದು ಜಿಮ್ಮಿ ಎಂದರು. ಹುಡುಗ ನಕ್ಕ. ಉಳಿದವರ ಮುಖವೂ ಅರಳಿತು.

ಇಂದು ಇದನ್ನು ಕೇಳಿದರೆ ಸ್ವಲ್ಪ ಇರುಸುಮುರುಸಾಗುತ್ತದೆ. ಸೋತವರ ಮಕ್ಕಳಿಗೆ ಗೆದ್ದವರ ಹೆಸರೇ? ನನಗೂ ಹಾಗೆನಿಸಿದ್ದುಂಟು. ಆದರೆ ವೈನಿಂಗ್ ಬರೆದಿಟ್ಟ ಕಾರಣ ಓದಿದರೆ ಸಿಟ್ಟು ಇಳಿಯುತ್ತದೆ. ಹುಟ್ಟಿದಾಗಿನಿಂದ ಬಿರುದಿಲ್ಲದೆ ಯಾರೂ ಕರೆಯದ ಆ ಹುಡುಗ, ವಾರದಲ್ಲಿ ಕೆಲವು ಗಂಟೆಯಾದರೂ ಬೇರೆ ಹುಡುಗರ ಸಾಲಿನಲ್ಲಿ ಅವರಂತೆಯೇ ಒಬ್ಬನಾಗಿ ಕೂರಲಿ ಎಂಬುದು ಅವರ ಆಸೆ.

ಹೆಸರಿಗಿಂತ ಕಷ್ಟವಾದದ್ದು ಪರಿಚಾರಕರನ್ನು ದೂರವಿಡುವ ಕೆಲಸ. ಒಂಟಿ ಪಾಠದ ಕೋಣೆಯಲ್ಲೂ ಅವರು ಕೂತಿರುತ್ತಿದ್ದರು. ಪ್ರಶ್ನೆ ಕೇಳಿದರೆ ಹುಡುಗನ ಕಣ್ಣು ಅವರತ್ತ ಹೋಗುತ್ತಿತ್ತು. ಉತ್ತರ ತಪ್ಪಾದರೂ ಚಿಂತೆಯಿಲ್ಲ, ಅವನದೇ ಆಗಿರಲಿ ಎಂದು ವೈನಿಂಗ್ ಪಟ್ಟುಹಿಡಿದು ಅವರನ್ನು ಹೊರಗೆ ಕೂರಿಸಿದರು. ಅರಮನೆಯವರಿಗೆ ಇದು ಸುಲಭವಾಗಿ ಗಂಟಲಿಗಿಳಿಯುವ ತುತ್ತಾಗಿರಲಿಲ್ಲ. ಮುಂದೆ ಬೇಸಿಗೆಯಲ್ಲಿ ಕರುಯಿಜಾವಾದ ಬೆಟ್ಟದ ಊರಿಗೆ ಹೋದಾಗ, ಜತೆಗಾರ ಹುಡುಗರೊಡನೆ ಯುವರಾಜನನ್ನು ಕೆಲವು ದಿನ ತಮ್ಮ ಮನೆಯಲ್ಲಿ ಇರಿಸಿಕೊಳ್ಳಲೂ ಒಪ್ಪಿಸಿದರು. 1949ರ ಜೂನಿನಲ್ಲಿ ಅಕಿಹಿತೊನನ್ನು, ಜಪಾನಿನಲ್ಲಿ ಬೀಡುಬಿಟ್ಟಿದ್ದ ಗೆದ್ದವರ ಸೈನ್ಯದ ಮುಖ್ಯಸ್ಥ ಜನರಲ್ ಮ್ಯಾಕ್‌ಆರ್ಥರ್ ಅವರ ಬಳಿ ಕರೆದೊಯ್ದರು. ದುಭಾಷಿ ಇರಲಿಲ್ಲ. ಹದಿನೈದರ ಹುಡುಗ ತಾನೇ ಮಾತಾಡಿದ.

ಮಹಾರಾಣಿಗೂ, ಯುವರಾಜನ ಒಡಹುಟ್ಟಿದವರಿಗೂ ಪಾಠ ಆಯಿತು. ಒಂದು ವರ್ಷದ ಒಪ್ಪಂದ ನಾಲ್ಕಕ್ಕೆ ಬೆಳೆಯಿತು. 1950ರಲ್ಲಿ ವೈನಿಂಗ್ ಹೊರಟಾಗ ಆ ಕೆಲಸ ಇನ್ನೊಬ್ಬ ಕ್ವೇಕರ್, ಎಸ್ತರ್ ರೋಡ್ಸ್ ಅವರ ಕೈಗೆ ಬಂತು. ಗಕುಶುಯಿನ್ ಹುಡುಗರಿಗೆ ವೈನಿಂಗ್ ಬಿಟ್ಟುಹೋದ ಬುದ್ಧಿಮಾತು ಇಷ್ಟೇ: ನಿಮ್ಮ ತಲೆಯಿಂದ ನೀವೇ ಯೋಚಿಸಿ, ಕೇಳಿದ್ದನ್ನೆಲ್ಲ ನಂಬಬೇಡಿ, ಪತ್ರಿಕೆಯಲ್ಲಿ ಬಂದದ್ದನ್ನೂ.

ಅಲ್ಲಿನ ಅನುಭವವನ್ನು 1952ರಲ್ಲಿ 'ವಿಂಡೋಸ್ ಫಾರ್ ದ ಕ್ರೌನ್ ಪ್ರಿನ್ಸ್' ಎಂಬ ಪುಸ್ತಕವಾಗಿ ಬರೆದರು. 1959ರಲ್ಲಿ ಅಕಿಹಿತೊ ಅವರು ಅರಸು ಮನೆತನದ ಹೊರಗಿನ ಮಿಚಿಕೊ ಅವರನ್ನು ಮದುವೆಯಾದಾಗ ಹಳೆಯ ಟೀಚರಿಗೆ ಕರೆ ಬಂತು. ಆ ಮದುವೆಗೆ ಆಹ್ವಾನ ಪಡೆದ ವಿದೇಶೀಯರು ಅವರೊಬ್ಬರೇ. ಮುಂದೆ ಆ ದಂಪತಿ ಹಳೆಯ ಪದ್ಧತಿ ಬಿಟ್ಟು ಮಕ್ಕಳನ್ನು ತಮ್ಮ ಜತೆಯಲ್ಲೇ ಇಟ್ಟುಕೊಂಡು ಬೆಳೆಸಿದರು. ಇದರ ಹೆಗ್ಗಳಿಕೆಯನ್ನು ಪೂರ್ತಿ ವೈನಿಂಗ್ ಅವರಿಗೆ ಕೊಡುವುದು ಅನ್ಯಾಯ, ಮಿಚಿಕೊ ಅವರ ಗಟ್ಟಿತನ ಅದರಲ್ಲಿತ್ತು.

ರಾಜಮನೆತನದ ಪದಕ ಪಡೆದ ಈ ಹೆಣ್ಣುಮಗಳು 1969ರಲ್ಲಿ, ಅರವತ್ತೈದು ದಾಟಿದ ಮೇಲೆ, ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ವಿಯೆಟ್ನಾಂ ಯುದ್ಧ ವಿರೋಧಿಗಳ ಜತೆ ನಿಂತರು. ಪೊಲೀಸರು ಬಂಧಿಸಿದರು. ಆಗ ಅವರ ಶಿಷ್ಯ ಇನ್ನೂ ಯುವರಾಜ. ಅವರು ಚಕ್ರವರ್ತಿಯಾದದ್ದು 1989ರಲ್ಲಿ. ಅದನ್ನೂ ಕಂಡು, ಮತ್ತೂ ಹತ್ತು ವರ್ಷ ಬದುಕಿ, 1999ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ಕೆನೆಟ್ ಸ್ಕ್ವೇರಿನಲ್ಲಿ ವೈನಿಂಗ್ ತೀರಿಕೊಂಡರು. ತೊಂಬತ್ತೇಳು ವರ್ಷವಾಗಿತ್ತು.

ನಮಸ್ಕಾರ.