ನಮ್ಮ ಕಾನ್ಸುಲ್‌ಗೆ ತಿಳಿಸಿ

ಕೇಳುಗರಿಗೆ ನಮಸ್ಕಾರ.

ಪರದೇಶದ ಒಂದು ರೈಲು ನಿಲ್ದಾಣ. ಬ್ಯಾಗಿನ ಜಿಪ್ ಅರ್ಧ ತೆರೆದಿದೆ. ಒಳಗೆ ಕೈ ಹಾಕುತ್ತೀರಿ, ಪಾಸ್‌ಪೋರ್ಟ್ ಇಲ್ಲ. ಇನ್ನೊಮ್ಮೆ ತಡಕುತ್ತೀರಿ. ಸಿಗುವುದಿಲ್ಲ ಅಂತ ಗೊತ್ತಿದ್ದೂ ಮೂರನೇ ಸಲ ತಡಕುತ್ತೀರಿ. ಆಗ ನೆನಪಾಗುವುದು ರಾಯಭಾರ ಕಚೇರಿ. ಅಲ್ಲಿಯವರೆಗೆ ಅದರ ಗೊಡವೆ ಯಾರಿಗೆ ಬೇಕಿತ್ತು, ಅಲ್ವಾ?

ರಾಯಭಾರ ಕಚೇರಿ ಇರುವುದು ಸಾಮಾನ್ಯವಾಗಿ ರಾಜಧಾನಿಯಲ್ಲಿ. ಸರ್ಕಾರಗಳ ನಡುವಿನ ಮಾತುಕತೆ ಅದರ ಮುಖ್ಯ ಕೆಲಸ. ಕಾನ್ಸುಲ್ ಎಂಬ ಅಧಿಕಾರಿಯ ಕಚೇರಿಗಳು, ಅಂದರೆ ಕಾನ್ಸುಲೇಟ್‌ಗಳು, ಬೇರೆ ದೊಡ್ಡ ಊರುಗಳಲ್ಲೂ ಇರುತ್ತವೆ. ಜನರ ಕೆಲಸ ನಡೆಯುವುದು ಅಲ್ಲಿ, ಇಲ್ಲವೇ ರಾಯಭಾರ ಕಚೇರಿಯ ಕಾನ್ಸುಲರ್ ವಿಭಾಗದಲ್ಲಿ. ನೀವು ತಟ್ಟಬೇಕಾದ ಬಾಗಿಲು ಅದು.

ಪಾಸ್‌ಪೋರ್ಟ್ ಕಳೆದವರು ಪೊಲೀಸ್ ದೂರಿನ ಪ್ರತಿ, ಫೋಟೋ, ಹಳೇ ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದು ಹೋದರೆ ಕೆಲಸ ಬೇಗ ಆಗುತ್ತದೆ. ಹೊಸ ಪಾಸ್‌ಪೋರ್ಟಿಗೆ ಸಮಯ ಇಲ್ಲದಿದ್ದರೆ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ. ಅದು ಹೆಚ್ಚಾಗಿ ಊರು ಸೇರುವ ಮಟ್ಟಿಗೆ ಮಾತ್ರ. ಒಂದು ತೊಡಕೂ ಇದೆ. ಪಾಸ್‌ಪೋರ್ಟಿನ ಜೊತೆ ವೀಸಾ ಮುದ್ರೆಯೂ ಹೋಗಿರುತ್ತದೆ. ಹಾಗಾಗಿ ಕೆಲವು ದೇಶಗಳಲ್ಲಿ ಹೊರಗೆ ಹೋಗಲಿಕ್ಕೂ ಬೇರೆ ಅನುಮತಿ ಬೇಕು.

ಮಗು ಹುಟ್ಟಿದರೆ ನೋಂದಣಿ, ಮುಕ್ತಿಯಾರು ಪತ್ರಕ್ಕೆ ದೃಢೀಕರಣ, ಇವೆಲ್ಲ ದಿನನಿತ್ಯದ ಕೆಲಸ. ಯಾರಾದರೂ ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸುವ ಕಾಗದಪತ್ರಗಳೂ ಇವರ ಕೈಯಿಂದಲೇ ಹೋಗಬೇಕು. ಮರಣ ಪತ್ರ, ದೇಹ ಕೆಡದಂತೆ ಮಾಡಿದ್ದಕ್ಕೆ ಪತ್ರ, ಕೊನೆಗೆ ಸತ್ತವರ ಪಾಸ್‌ಪೋರ್ಟಿನ ಮೇಲೆ 'ರದ್ದು' ಎಂಬ ಮುದ್ರೆ. ಮನೆಯವರ ಅಳು ಫೋನಿನಲ್ಲಿ ಕೇಳುತ್ತಿರುವಾಗಲೂ ಒಬ್ಬ ಗುಮಾಸ್ತ ಆ ಮುದ್ರೆ ಒತ್ತಲೇಬೇಕು.

ರಾಯಭಾರ ಕಚೇರಿಯ ಜಾಗ ಅದನ್ನು ತೆರೆದ ದೇಶದ್ದೇ ನೆಲ ಅಂತ ಸಿನಿಮಾಗಳಲ್ಲಿ ಹೇಳುತ್ತಾರೆ. ಅದು ಸುಮ್ನೆ ಮಾತು. 1961ರ ವಿಯೆನ್ನಾ ಒಪ್ಪಂದದ ಪ್ರಕಾರ, ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಸ್ಥಳೀಯ ಪೊಲೀಸರು ಒಳಗೆ ಕಾಲಿಡುವಂತಿಲ್ಲ, ಅಷ್ಟೇ. ನೆಲ ಅಲ್ಲಿಯದೇ, ಕಾನೂನೂ ಅಲ್ಲಿಯದೇ. ಅದಕ್ಕೇ ಕಾನ್ಸುಲ್ ಯಾರನ್ನೂ ಜೈಲಿನಿಂದ ಬಿಡಿಸಿ ತರಲಾರರು. ಆಸ್ಪತ್ರೆಯ ಬಿಲ್ಲನ್ನೂ ಸಾಮಾನ್ಯವಾಗಿ ಕಟ್ಟುವುದಿಲ್ಲ.

ಹಾಗಾದರೆ ಅವರಿಂದ ಏನು ಪ್ರಯೋಜನ? ಕಾನ್ಸುಲರ್ ಸಂಬಂಧಗಳ ಬಗ್ಗೆ 1963ರಲ್ಲಿ ವಿಯೆನ್ನಾದಲ್ಲೇ ಇನ್ನೊಂದು ಒಪ್ಪಂದ ಆಯಿತು. ಅದರ 36ನೇ ವಿಧಿಯನ್ನು ನೋಡಿ. ವಿದೇಶಿಯನ್ನು ಬಂಧಿಸಿದರೆ, 'ನಮ್ಮ ಕಾನ್ಸುಲೇಟ್‌ಗೆ ತಿಳಿಸಿ' ಎಂದು ಕೇಳುವ ಹಕ್ಕು ಅವರಿಗಿದೆ ಎಂಬುದನ್ನು ತಡಮಾಡದೆ ಹೇಳಬೇಕು. ಬಂಧಿತರು ಹೂಂ ಎಂದರೆ ಕೂಡಲೇ ಸುದ್ದಿ ಮುಟ್ಟಿಸಬೇಕು. ಕಾನ್ಸುಲ್ ಜೈಲಿಗೆ ಬಂದು ಮಾತಾಡಬಹುದು, ವಕೀಲರನ್ನು ಗೊತ್ತುಮಾಡಬಹುದು. ಹೂಂ ಎನ್ನುವುದು ಬಂಧಿತರ ಕೈಯಲ್ಲಿದೆ. ಹಕ್ಕಿದೆ ಅಂತಲೇ ಗೊತ್ತಿಲ್ಲದವರು ಹೂಂ ಎನ್ನುವುದು ಹೇಗೆ?

1982ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಹಾಗೇ ಆಯಿತು. ಬ್ಯಾಂಕ್ ದರೋಡೆ ಯತ್ನದಲ್ಲಿ ಒಂದು ಕೊಲೆ. ಸಿಕ್ಕಿಬಿದ್ದವರು ಲಾಗ್ರಾಂಡ್ ಸಹೋದರರು, ಜರ್ಮನ್ ಪ್ರಜೆಗಳು. ಅವರಿಗೆ ಈ ಹಕ್ಕಿನ ಬಗ್ಗೆ ಅಧಿಕಾರಿಗಳು ಹೇಳಲಿಲ್ಲ. ಮರಣದಂಡನೆಯ ತೀರ್ಪೂ ಬಂತು. ಜರ್ಮನ್ ಕಾನ್ಸುಲೇಟ್‌ಗೆ ವಿಷಯ ಗೊತ್ತಾಗಿದ್ದು 1992ರಲ್ಲಿ, ಅದೂ ಕೈದಿಗಳಿಂದಲೇ. ಅಷ್ಟರಲ್ಲಿ, ಈ ಮಾತನ್ನು ಮೊದಲೇ ಎತ್ತಬೇಕಿತ್ತು, ಈಗ ಎತ್ತುವಂತಿಲ್ಲ ಎಂದಿತು ಅಲ್ಲಿಯ ಕಾನೂನು. 1999ರಲ್ಲಿ ಇಬ್ಬರಿಗೂ ಶಿಕ್ಷೆ ಜಾರಿಯಾಯಿತು. ಅಮೆರಿಕ ಒಪ್ಪಂದ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2001ರಲ್ಲಿ ಹೇಳಿತು. ಕಾನ್ಸುಲೇಟ್‌ಗೆ ತಿಳಿಸಿ ಎನ್ನುವುದು ಆ ವ್ಯಕ್ತಿಗಳ ಸ್ವಂತ ಹಕ್ಕೂ ಹೌದು ಎಂದಿತು. ಮೊದಲೇ ತಿಳಿಸಿದ್ದರೆ ಅವರು ಬದುಕುತ್ತಿದ್ದರೇ? ಹೇಳಲಾಗದು. ಒಳ್ಳೆಯ ವಕೀಲರಾದರೂ ಸಿಗುತ್ತಿದ್ದರೇನೋ.

ಎರಡು ದೇಶಗಳ ಪೌರತ್ವ ಇರುವವರಿಗೆ ಒಂದು ಮಾತು. ಅವೆರಡರಲ್ಲಿ ಒಂದು ದೇಶದೊಳಗೆ ಸಿಕ್ಕಿಕೊಂಡರೆ, ಇನ್ನೊಂದು ದೇಶದ ಕಾನ್ಸುಲ್‌ಗೆ ಹೆಚ್ಚೇನೂ ಮಾಡಲಾಗುವುದಿಲ್ಲ. ಇನ್ನು ನಿಮ್ಮ ದೇಶದ ಕಚೇರಿಯೇ ಅಲ್ಲಿಲ್ಲದಿದ್ದರೆ? ಯುರೋಪಿಯನ್ ಒಕ್ಕೂಟದವರು ಒಕ್ಕೂಟದ ಬೇರೆ ಯಾವ ದೇಶದ ಕಚೇರಿಗಾದರೂ ಹೋಗಬಹುದು. ಉಳಿದವರು ಪಕ್ಕದ ದೇಶದಲ್ಲಿರುವ ತಮ್ಮ ಯಾವ ಕಚೇರಿ ಅಲ್ಲಿಯದನ್ನೂ ನೋಡಿಕೊಳ್ಳುತ್ತದೆ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಆ ಕಚೇರಿಯ ತುರ್ತು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಚಪ್ಪಲಿಯೊಳಗಾದರೂ ಇಡಿ. ಫೋನಿನಲ್ಲಿ ಇದೆಯಲ್ಲ ಎನ್ನಬೇಡಿ. ಬ್ಯಾಗಿನ ಜಿಪ್ ತೆರೆದಿದ್ದಾಗ ಹೋಗುವುದು ಪಾಸ್‌ಪೋರ್ಟ್ ಒಂದೇ ಅಲ್ಲ.

ನಮಸ್ಕಾರ.