ಕುರ್ಲಾದಿಂದ ಮಾಟುಂಗಾಕ್ಕೆ 500 ರೂಪಾಯಿ ಕೇಳಿದರು!

ಸುರಂಗದ ಶಾಟ್‌ಗಳು ಇಷ್ಟು ಸಾಕು, ಕೊಂಕಣ ರೈಲಿನ ವಿಡಿಯೋ ನೀವೆಲ್ಲ ಬೇಕಾದಷ್ಟು ನೋಡಿದ್ದೀರಿ. ಇದು ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್. ನಮ್ಮ ಬಾಯಲ್ಲಿ ಬರೀ ಕುರ್ಲಾ. ಉಡುಪಿಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಲ್ಲಿ. ನಾನು ಮಾಟುಂಗಾದಲ್ಲಿ ಬೆಳೆಯುವಾಗ ಈ ರೈಲು ಇರಲಿಲ್ಲ. ಕೊಂಕಣ ರೈಲು ಪೂರ್ತಿ ದಾರಿ ಓಡಲು ಶುರುವಾಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ರಜೆಗೆ ಊರಿಗೆ ಹೋಗುವುದೆಂದರೆ ಬಸ್ಸು, ಘಾಟಿ, ವಾಂತಿ.

ಇಲ್ಲಿ ಆಡಿಯೋ ತೆಗೆದುಬಿಟ್ಟಿದ್ದೇನೆ, ಜಗಳ ನಡೀತಾ ಇದೆ. ಮಾಟುಂಗಾದ ಕಿಂಗ್ಸ್ ಸರ್ಕಲ್‌ಗೆ ಟ್ಯಾಕ್ಸಿಯವರು ಕೇಳಿದ್ದು 500. ಹೆಚ್ಚೆಂದರೆ ಏಳೆಂಟು ಕಿಲೋಮೀಟರ್ ದಾರಿ! ಕಾಳಿ-ಪೀಲಿಯ, ಅಂದರೆ ಇಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರವರಿಯಲ್ಲಿ 31 ರೂಪಾಯಿ ಆಯಿತು, ಮೊದಲ ಒಂದೂವರೆ ಕಿಲೋಮೀಟರಿಗೆ. ಆ ಲೆಕ್ಕದಲ್ಲಿ 170 ದಾಟಬಾರದು. ಆಟೋ ಹಿಡಿಯೋಣ ಅಂದರೆ ಅದು ಸಯಾನ್ ದಾಟಿ ಮಾಟುಂಗಾ ಕಡೆಗೆ ಬರುವ ಹಾಗಿಲ್ಲ. ಇದು ಟ್ಯಾಕ್ಸಿಯವರಿಗೆ ಚೆನ್ನಾಗಿ ಗೊತ್ತು. ಸೂಟ್‌ಕೇಸ್ ಕಂಡರೆ ರೇಟು ಮೇಲೆ. ನಾನು ಮರಾಠಿಯಲ್ಲಿ ಶುರು ಮಾಡಿದ ಮೇಲೆ 400ಕ್ಕೆ ಇಳಿದರು. ಅದೂ ಬೇಡ. ಗಾಡಿಯಲ್ಲಿ ಮೀಟರ್ ಇಟ್ಟುಕೊಂಡು ಬಾಯಲ್ಲಿ ರೇಟು ಹೇಳುವುದು ನನಗೆ ಆಗಿಬರುವುದಿಲ್ಲ.

ಮೊದಲಿನ ಪ್ರೀಮಿಯರ್ ಪದ್ಮಿನಿ ಕಾರಿನ ಟ್ಯಾಕ್ಸಿಗಳು ನೆನಪಿದೆಯಾ? ಮೀಟರ್ ಹೊರಗಡೆ, ಬಾನೆಟ್ಟಿನ ಎಡಕ್ಕೆ ಇರುತ್ತಿತ್ತು. ಕೈ ಹೊರಗೆ ಹಾಕಿ ಟಕ್ ಅಂತ ತಿರುಗಿಸಿದರೆ ಶುರು. ಅದರಲ್ಲಿ ಕಾಣುವ ದುಡ್ಡೇ ಬೇರೆ, ನಾವು ಕೊಡುವ ದುಡ್ಡೇ ಬೇರೆ. ದರ ಏರಿದಾಗಲೆಲ್ಲ ಹೊಸ ಕಾರ್ಡ್ ಬರುತ್ತಿತ್ತು, ಮೀಟರಿನ ಅಂಕಿಗೆ ಈಗೆಷ್ಟು ಅಂತ ಅದರಲ್ಲಿ ನೋಡಬೇಕು. ನಮ್ಮ ಅಪ್ಪ ಕಾರ್ಡ್ ನೋಡುತ್ತಲೇ ಇರಲಿಲ್ಲ, ಬಾಯಲ್ಲೇ ಹೇಳುತ್ತಿದ್ದರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಹಾಗೆ ಓದಿದವರು ಅವರು. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಇಲ್ಲಿ ಲೋಟ ತೊಳೆಯುತ್ತಲೇ ಎಸ್ಸೆಸ್ಸಿ, ಅಂದರೆ ಇಲ್ಲಿನ ಹತ್ತನೇ ಕ್ಲಾಸು, ಪಾಸು ಮಾಡಿದ್ದಾರೆ. ರಾತ್ರಿಶಾಲೆಗಳಷ್ಟು ಉಪಕಾರ ನಮ್ಮ ಜನಕ್ಕೆ ಬೇರೆ ಯಾರೂ ಮಾಡಿಲ್ಲ ಅಂತಲೇ ನನ್ನ ನಂಬಿಕೆ. ಅವರಲ್ಲೇ ಕೆಲವರು ಮುಂದೆ ಸ್ವಂತ ಹೋಟೆಲ್... ಹಾಂ, ಟ್ಯಾಕ್ಸಿ ಸಿಕ್ಕಿತು.

ಸ್ಟೇಷನ್ ಬಿಟ್ಟು ಮುಖ್ಯ ರಸ್ತೆವರೆಗೆ ನಡೆದೆ. ಈ ಚಾಚಾ ಒಂದು ಮಾತೂ ಆಡದೆ ಮೀಟರ್ ಹಾಕಿದರು. ಮುಂಬಯಿ ಕೆಟ್ಟುಹೋಯಿತು ಅಂತ ಹತ್ತು ನಿಮಿಷದ ಹಿಂದೆ ಕ್ಯಾಮೆರಾ ಮುಂದೆ ಹೇಳಿದ್ದೆ, ಅದನ್ನು ಕಟ್ ಮಾಡುತ್ತೇನೆ. ಬಿಲ್ 163. ಚಿಲ್ಲರೆಯನ್ನೂ ಎಣಿಸಿ ವಾಪಸ್ ಕೊಟ್ಟರು. ಪದ್ಮಿನಿ ಮಾತ್ರ ಈಗ ಇಲ್ಲ, 2023ರ ಅಕ್ಟೋಬರಿಗೆ ಅದರ ಓಟ ಮುಗಿಯಿತು. ಹಳೆಯ ಕೆಂಪು ಡಬಲ್ ಡೆಕರ್ ಬಸ್ಸೂ ಅದೇ ವರ್ಷ ಹೋಯಿತು. ಈಗಿನದು ಎಸಿ, ಕರೆಂಟಿನದು. ತಂಪಾಗಿದೆ, ಸರಿ. ಆದರೆ ಮೇಲಿನ ಮುಂದಿನ ಸೀಟಿನಲ್ಲಿ ಕೂತಾಗ ಮುಖಕ್ಕೆ ಬಡಿಯುತ್ತಿದ್ದ ಆ ಗಾಳಿ ಇದರಲ್ಲಿಲ್ಲ.

ಇದು ಫ್ಲೈಓವರ್ ಕೆಳಗಿನ ತೋಟ. ಸೇತುವೆ ಕೆಳಗೆ ಪಾರ್ಕಿಂಗ್ ಮಾಡದೆ ಜನ ಓಡಾಡಲು ಜಾಗ ಬಿಟ್ಟಿದ್ದಾರೆ, ತುಂಬಾ ಒಳ್ಳೆಯ ಕೆಲಸ. ಹತ್ತಿರದಲ್ಲೇ ಇಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್, 1926ರದ್ದು. ನಾನು ಮೊದಲು ಕನ್ನಡ ನಾಟಕ ನೋಡಿದ್ದು ಅಲ್ಲೇ, ಅಮ್ಮನ ತೊಡೆ ಮೇಲೆ ಕೂತು. ಒಳಗಿನ ಶಾಟ್ ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ.

ಕ್ಯೂ ನೋಡುತ್ತಿದ್ದೀರಲ್ಲ, ಇದು ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಹೋಟೆಲು. 1942ರಿಂದ ಇದೆ. ಎಲೆ ಊಟಕ್ಕೆ ತಟ್ಟೆ ಊಟಕ್ಕಿಂತ ದುಡ್ಡು ಜಾಸ್ತಿ. ಕೊಡುತ್ತೇನೆ, ಇದಕ್ಕೆ ಚೌಕಾಶಿ ಇಲ್ಲ. ಜಾಗ ಸಿಕ್ಕಿತು, ಸಾರೂ ಬಂತು, ಕ್ಯಾಮೆರಾ ಬ್ಯಾಗಿಗೆ ಹಾಕುತ್ತೇನೆ.